ಧಾರವಾಡ ಬಸ್ಸು ಬಂದಾಗ ಅಲ್ಲಿ ಊಟ ಮುಗಿದಿರುತ್ತದೆ

ನನ್ನ ತಮ್ಮ ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ ಆಕಳ ಹಾಲು ಹಿಂಡುವ ಕೆಲಸಕ್ಕಿದ್ದಾನೆ. ದೊಡವಾಡದ ನಮ್ಮ ಮನೆಯಲ್ಲಿ ಎರಡು ಎಮ್ಮೆ ಹಿಂಡು ಅಂದರೆ ಮುಖ ಗಂಟಿಕ್ಕುತ್ತಿದ್ದವನು ಅಲ್ಲಿ ಹಿಂಡುಗಟ್ಟಲೆ ಆಕಳಿಗೆ ಯಂತ್ರ ಹಚ್ಚುತ್ತಾನೆ. ಆ ಊರು ನಮಗಿಂತ ಆರೂವರೆ ತಾಸು ಮುಂದೆ ಎಂದು ಅವ್ವನಿಗೆ ಬೆರಳು ಮಡಚಿ ಹೇಳಿಕೊಟ್ಟೆ. ಆ ಅರ್ಧ ತಾಸು ಅವಳಿಗೆ ಒಗ್ಗಲೇ ಇಲ್ಲ. ತನ್ನದೇ ಲೆಕ್ಕ ಹಾಕಿಕೊಂಡಳು: ಬೆಳಗಿನ ಧಾರವಾಡ ಬಸ್ಸು ಬಂದರೆ ಅಲ್ಲಿ ಮಗನ ಮಧ್ಯಾಹ್ನದ ಊಟ ಮುಗಿದಿರುತ್ತದೆ, ಸಂಜೆ ಬೈಲಹೊಂಗಲ ಬಸ್ಸು ಬಂದರೆ ಅವನು ಮಲಗಿರುತ್ತಾನೆ. ಬಸ್ಸು ತಡವಾದ ದಿನ ಮಗ ಇನ್ನೂ ಉಂಡಿಲ್ಲವೆಂದು ಚಡಪಡಿಸುತ್ತಿದ್ದಳು. ನಾನು ನಕ್ಕರೆ ಅವಳಿಗೆ ಸಿಟ್ಟು.

ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನಗಿರುವವನು ಒಬ್ಬನೇ ತಮ್ಮ. ಊರವರ ಬೆನ್ನಿಗೆಲ್ಲ ಗುದ್ದಿ ಗುದ್ದಿ, ನನ್ನ ಸರದಿಗಾಗಿ ವರ್ಷಗಟ್ಟಲೆ ಕಾದಿದ್ದೆ. ಆದರೆ ಬಾಣಂತನಕ್ಕೆಂದು ತಮ್ಮನ ಅತ್ತೆ, ಸುರೇಬಾನದ ಬೀಗಿತ್ತಿ, ವಿಮಾನ ಹತ್ತಿ ಹೋಗಿದ್ದರು. ಕೂಸು ಅವರ ತೊಡೆಯ ಮೇಲೆ, ನಾನು ಫೋನಿನೊಳಗೆ. ಎಲ್ಲಿ ಅವರೇ ಹೆಸರು ಹೇಳಿಬಿಡುತ್ತಾರೋ ಎಂದು ನನಗೆ ಅಂಜಿಕೆ.

ಒಂದು ರವಿವಾರ, ಬೆಳಗಿನ ಬಸ್ಸಿನ ಹೊತ್ತಿಗೆ ಫೋನಿನಲ್ಲೇ ಹೆಸರಿಡುವುದೆಂದು ನಿಶ್ಚಯವಾಯಿತು. ನಾನು ಹಿಂದಿನ ದಿನವೇ ಬೈಲಹೊಂಗಲದ ಗಂಡನ ಮನೆಯಿಂದ ಬಂದು ಓಣಿಯ ಹೆಂಗಸರನ್ನೆಲ್ಲ ಕರೆದಿದ್ದೆ. ಬೆಳಿಗ್ಗೆ ಎಲ್ಲರೂ ಬಂದು ಕೂತರು, ಬಸ್ಸು ಬರಲಿಲ್ಲ. ಫೋನು ತೆಗೆದು ನೋಡಿದರೆ, ನಾನು ಜಳಕಕ್ಕೆ ಹೋದಾಗ ತಮ್ಮ ಮೇಲಿಂದ ಮೇಲೆ ಫೋನು ಮಾಡಿದ್ದ. ಯಾಕೆ ಎತ್ತಲಿಲ್ಲವೆಂದು ಅವ್ವನನ್ನು ಕೇಳಿದೆ.

“ಬಸ್ ಬಂದಿಲ್ಲಲ್ಲ. ಅಂವಾ ಇನ್ನಾ ಉಂಡಿಲ್ಲ, ಈಗ್ಯಾಕ ಫೋನ್ ಮಾಡ್ತಾನ?”

ಅವಳು ಬೇಡ ಬೇಡವೆಂದರೂ ಫೋನು ಹಚ್ಚಿದೆ. ತಮ್ಮ ಎತ್ತಿದವನೇ ಬೈಯತೊಡಗಿದ. ಆ ದೇಶದವರೆಲ್ಲ ಹಿಂದಿನ ರಾತ್ರಿಯೇ ತಮ್ಮ ಗಡಿಯಾರಗಳನ್ನು ಒಂದು ತಾಸು ಮುಂದಕ್ಕೆ ತಿರುವಿಕೊಂಡಿದ್ದರಂತೆ. ಬೇಸಿಗೆ ಹತ್ತಿರ ಬಂದರೆ ಹಾಗೆ ಮಾಡುತ್ತಾರಂತೆ. ನಮಗೆ ಹೇಳುವುದನ್ನು ಮಾತ್ರ ಮರೆತಿದ್ದ; ಹಾಗಾಗಿ ಅವರ ಹೊತ್ತು ನಮ್ಮದಕ್ಕಿಂತ ಒಂದು ತಾಸು ಮೊದಲೇ ಆಗಿಹೋಗಿತ್ತು. ಅಲ್ಲಿ ಕಾದು ಕಾದು ಬಂದವರು ಉಂಡು ಹೋಗಿದ್ದರು, ಕೂಸು ಮಲಗಿತ್ತು, ಅವನು ಹಾಲು ಹಿಂಡಲು ಬೂಟು ಹಾಕಿಕೊಂಡು ನಿಂತಿದ್ದ. ಸರಕಾರದವರು ಹೊತ್ತನ್ನೇ ಸರಿಸಿದರೆ ರಾಹುಕಾಲ ಎಲ್ಲಿ ಹೋಗಿ ಕೂರಬೇಕು ಎಂದು ಅವ್ವ ನನ್ನ ಇನ್ನೊಂದು ಕಿವಿಯಲ್ಲಿ ಕೇಳುತ್ತಿದ್ದಳು. ನನಗೆ ಅದಾವುದೂ ಬೇಕಿರಲಿಲ್ಲ.

“ಹೆಸರ ಹೇಳಿಬಿಟ್ರೇನ?” ಎಂದೆ.

ನೀವೇ ಹೇಳಿಬಿಡಿ ಎಂದು ಅತ್ತೆಗೆ ಹೇಳಿದ್ದಾಗಿ ಅವನು ಒಪ್ಪಿಕೊಂಡು ಫೋನನ್ನು ಬೀಗಿತ್ತಿಯತ್ತ ತಿರುಗಿಸಿದ. ಅವರು ಎಡಗೈ ಚಾಚಿ ತೋರಿಸಿದರು. ಕೈಗಡಿಯಾರದಲ್ಲಿ ನಮ್ಮ ಪಡಸಾಲೆಯದೇ ಹೊತ್ತು. ಹೋದಾಗಿನಿಂದ ಅದನ್ನು ತಿರುವಿಯೇ ಇರಲಿಲ್ಲ.

“ಇದನ್ನ ತಿರುವಿದ್ರ, ಊರಾಗ ನಮ್ಮವ್ರು ಯಾವಾಗ ಉಂಡ್ರು, ಯಾವಾಗ ಮಲಗಿದ್ರು ನನಗ ಹೆಂಗ ತಿಳೀಬೇಕವಾ? ನಿಮ್ಮ ಬಸ್ಸಿನ ಹೊತ್ತ ಇದರಾಗ ಈಗ ಆತು. ಸೋದರತ್ತಿ ನೀ ಇದ್ದಾಗ ನಾ ಯಾಕ ಹೆಸರ ಹೇಳ್ಲಿ?”

ಅವರು ಫೋನನ್ನು ಮಲಗಿದ ಕೂಸಿನ ಕಿವಿಗೆ ಹಿಡಿದರು. ನಾನು ಹೆಸರು ಹೇಳಿದೆ. ಅಷ್ಟರಲ್ಲಿ ಬೆನ್ನಿಗೆ ಧಪಧಪನೆ ಬಿತ್ತು. ನಾನು ಹಿಂದೆ ಕೊಟ್ಟದ್ದನ್ನು ಓಣಿಯವರು ಯಾರೂ ಮರೆತಿರಲಿಲ್ಲ. ಆ ಗದ್ದಲಕ್ಕೆ ಅಲ್ಲಿ ಕೂಸು ಕಿಟಾರನೆ ಕಿರುಚಿ ಎದ್ದಿತು. ನನಗೂ ಅಳು ಬಂತು. ಎಲ್ಲರೂ ಗುದ್ದು ಜೋರಾಯಿತೆಂದುಕೊಂಡರು, ಆದರೆ ಇಷ್ಟು ದಿನ ಬೀಗಿತ್ತಿಯ ಬಗ್ಗೆ ಏನೇನೋ ಅಂದುಕೊಂಡಿದ್ದು ನೆನಪಾಗಿ ನಾಚಿಕೆಯೂ ಆಗಿತ್ತು, ಖುಷಿಯೂ ಆಗಿತ್ತು.

ಆಗ ಬಸ್ಸು ಬಂತು. ಅವ್ವ ಬಾಗಿಲಿಗೆ ಹೋಗಿ ಕಣ್ಣಾರೆ ನೋಡಿ ಬಂದಳು.

“ಈಗ ಹೊತ್ತ ಆತ ನೋಡು. ಇನ್ನೊಮ್ಮೆ ಹೇಳು.”

ಹೆಂಗಸರು ಸೆರಗು ಸಿಗಿಸಿಕೊಂಡು ಮತ್ತೆ ನನ್ನ ಹಿಂದೆ ಬಂದು ನಿಂತರು. ನಾನು ಬೆನ್ನು ಬಾಗಿಸಿದೆ.