ಬಿಳಿ ಮುಚ್ಚಳದಲ್ಲಿದ್ದ ಎಂಟು ಬೀಜ

ಅವತ್ತು ಬುಧವಾರ. ಬೆಳಿಗ್ಗೆ ನನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆದು, ಪೇಪರ್ ತರಲು ಪಕ್ಕದ ಔಷಧಿ ಅಂಗಡಿಗೆ ಹೋದೆ. ಹಿಂದೂಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಮೆಡಿಕಲ್ ಅಣ್ಣ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ. ಹಣೆಗೆ ವಿಭೂತಿ ಹಚ್ಚಿಕೊಂಡು ಗಾಜಿನ ಕಪಾಟು ಒರೆಸುತ್ತಿದ್ದರು. ಗಿರಾಕಿ ಇನ್ನೂ ಒಬ್ಬರೂ ಬಂದಿರಲಿಲ್ಲ. ಆದರೆ ಕೌಂಟರಿನ ಮೇಲಿದ್ದ ಬಿಳಿ ಮುಚ್ಚಳದಲ್ಲಿ ಎಂಟು ಹುಣಸೆಬೀಜಗಳಿದ್ದವು.

"ಇಷ್ಟೊತ್ತಿಗೇ ಯಾರಣ್ಣ ಬಂದೋಗಿದ್ದು? ಎಂಟು ದಿನದ್ದು!" ಎಂದೆ.

"ನಂದೇ ಕಣಮ್ಮ" ಎಂದರು.

ನಾನು ನಕ್ಕೆ. ಅವರೂ ನಕ್ಕರು. ಪೇಪರ್ ತೆಗೆದುಕೊಂಡು ಬಂದು ಮಿಷನ್ ತುಳಿಯುತ್ತ ಕೂತೆ. ಮಾಮೂಲಿನಂತೆ ಕಳೆದ ಕೊನೆಯ ದಿನ ಅದು.

ಆ ಬೀಜದ ವಿಷಯ ಹೇಳಬೇಕು. ಹೊಟ್ಟೆಯ ತೊಂದರೆ ಹೇಳಿಕೊಳ್ಳಲು ನಮ್ಮ ಕಡೆಯ ಹೆಂಗಸರಿಗೆ ಬಹಳ ನಾಚಿಕೆ. ಅಂಗಡಿಯ ಮುಂದೆ ಗಂಡಸರಿದ್ದರೆ ಮುಗಿಯಿತು, ತಲೆನೋವಿನ ಮಾತ್ರೆ ಕೇಳಿ ಹೊರಟುಬಿಡುತ್ತಿದ್ದರು. ಇದನ್ನು ನೋಡಿ ನೋಡಿ ಸಾಕಾಗಿ ಅಣ್ಣ ಎರಡು ಡಬ್ಬಿಗಳ ಮುಚ್ಚಳ ತಂದು ಕೌಂಟರಿನ ಮೇಲಿಟ್ಟರು. ಪಕ್ಕದಲ್ಲೊಂದು ಬಟ್ಟಲು ತುಂಬ ಹುಣಸೆಬೀಜ. ಭೇದಿಯಾಗುತ್ತಿದ್ದರೆ ದಿನಕ್ಕೆ ಎಷ್ಟು ಸಲವೋ ಅಷ್ಟು ಬೀಜ ಕೆಂಪು ಮುಚ್ಚಳಕ್ಕೆ. ಹೊರಕಡೆ ಆಗದೆ ಹೊಟ್ಟೆ ಕಟ್ಟಿದ್ದರೆ ಎಷ್ಟು ದಿನವಾಯಿತೋ ಅಷ್ಟು ಬೀಜ ಬಿಳಿ ಮುಚ್ಚಳಕ್ಕೆ. ಬಾಯಿ ಬಿಡಬೇಕಾಗಿಲ್ಲ. ಮೊದಮೊದಲು ಜನ, "ಇದೇನು ಮೆಡಿಕಲ್ ಶಾಪೋ, ಚೌಕಾಬಾರ ಆಡೋ ಜಾಗವೋ" ಎಂದು ಆಡಿಕೊಂಡರು. ಆಮೇಲೆ ಅವರ ಮನೆಯ ಹೆಂಗಸರೇ ಬಂದು ಬೀಜ ಹಾಕಿದರು.

ಬೀಜ ನೋಡಿದ ಕೂಡಲೇ ಮಾತ್ರೆ ಕೊಡುತ್ತಿದ್ದರು ಎಂದುಕೊಳ್ಳಬೇಡಿ. ಎಷ್ಟೋ ಸಲ ಕೊಡುತ್ತಲೇ ಇರಲಿಲ್ಲ. ಸೋಮಂದೇಪಲ್ಲಿಯ ಅತ್ತೆ, ಸೊಸೆ ಇಬ್ಬರು ಕೈಗೂಸನ್ನು ಎತ್ತಿಕೊಂಡು ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗುವಿನ ಕಣ್ಣು ಒಳಗೆ ಹೋಗಿತ್ತು. ಸೊಸೆ ಕೆಂಪು ಮುಚ್ಚಳಕ್ಕೆ ಒಂಬತ್ತು ಬೀಜ ಹಾಕಿದಳು.

"ಬಸ್ಸಿಗೆ ಹೊತ್ತಾಯ್ತದೆ, ನಿಲ್ಸೋ ಮಾತ್ರೆ ಕೊಡಪ್ಪ" ಎಂದಳು ಅತ್ತೆ.

"ಮಗೀಗೆ ನಿಲ್ಸೋ ಮಾತ್ರೆ ಕೊಡಲ್ಲ. ನೀರು ಕುಡ್ಸಿದ್ರಾ?"

"ನೀರು ಕುಡ್ಸಿದ್ರೆ ಇನ್ನೂ ಜಾಸ್ತಿ ಆಗಲ್ವಾ? ಅದಕ್ಕೇ ನಿಲ್ಸಿದ್ದೀವಿ. ನೀನು ಮಾತ್ರೆ ಮಾರಾಕೆ ಅಂಗ್ಡಿ ಇಟ್ಟಿದ್ದೀಯೋ, ಬೈಯಾಕೆ ಇಟ್ಟಿದ್ದೀಯೋ?"

"ಎರಡಕ್ಕೂ ಕಣಮ್ಮ. ಬೈಗುಳ ಪುಕ್ಕಟೆ."

ಕಾಯಿಸಿ ಆರಿಸಿದ ನೀರು ಅವರ ಅಂಗಡಿಯಲ್ಲಿ ಯಾವಾಗಲೂ ಇರುತ್ತಿತ್ತು. ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ, ಸೊಸೆಯ ಕೈಗೆ ಚಮಚ ಕೊಟ್ಟು, ನನ್ನ ಅಂಗಡಿಯ ಬೆಂಚಿನ ಮೇಲೆ ಕೂರಿಸಿದರು. ಎರಡು ಬಸ್ಸು ಹೋದವು. ಅತ್ತೆ ಕನ್ನಡದಲ್ಲೂ ತೆಲುಗಿನಲ್ಲೂ ಬೈದಳು. ಕೊನೆಗೆ ಮಗು, ನಾನು ಆಗತಾನೆ ಹೊಲಿದಿಟ್ಟಿದ್ದ ರವಿಕೆಯ ಮೇಲೆ ಉಚ್ಚೆ ಹೊಯ್ದಿತು. ನಾನು ಕಿರುಚಿದೆ. ಅಣ್ಣ ಮಾತ್ರ ಲಾಟರಿ ಹೊಡೆದವರ ಹಾಗೆ ಚಪ್ಪಾಳೆ ತಟ್ಟಿದರು. "ಉಚ್ಚೆ ಬಂತಲ್ಲ, ಇನ್ನು ಭಯ ಇಲ್ಲ. ಆದ್ರೂ ಊರಿಗೆ ಹೋಗೋಕೆ ಮುಂಚೆ ಡಾಕ್ಟ್ರಿಗೆ ತೋರ್ಸಿ. ರಕ್ತ ಕಂಡ್ರೆ ಒಂದು ಗಳಿಗೆ ಕಾಯಬ್ಯಾಡಿ" ಎಂದರು.

ಅವರ ದೊಡ್ಡ ಜಗಳ ಹರಳೆಣ್ಣೆಯ ಜೊತೆ. ಹೊಟ್ಟೆನೋವು ಎಂದರೆ ನಮ್ಮ ಮನೆಗಳಲ್ಲಿ ಮೊದಲು ಹರಳೆಣ್ಣೆ ಕುಡಿಸುವುದು ವಾಡಿಕೆ. ನಮ್ಮಮ್ಮನೂ ಕುಡಿಸಿದ್ದಳು, ಅವಳಮ್ಮನೂ ಕುಡಿಸಿದ್ದಳು. "ನೋವು ಯಾತಕ್ಕೆ ಬಂದೈತೆ ಅಂತ ಗೊತ್ತಾಗೋಕೆ ಮುಂಚೆ ಭೇದಿಗೆ ಕೊಟ್ರೆ ಒಳಗೆ ಕರುಳು ಒಡೆದೋಯ್ತದೆ" ಎಂದು ಅಣ್ಣ ಕೂಗಾಡುತ್ತಿದ್ದರು. ಎಣ್ಣೆ ಕೇಳಿ ಬಂದವರನ್ನು ತಾವೇ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬಳಿಗೆ ಅವತ್ತೇ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಕೆ ಇವತ್ತಿಗೂ ನನ್ನಲ್ಲಿ ಬಟ್ಟೆ ಹೊಲಿಸುತ್ತಾಳೆ.

ಆ ಬುಧವಾರದ ಮರುದಿನ ಅವರು ಕಲ್ಯಾಣದುರ್ಗದಲ್ಲಿದ್ದ ತಮ್ಮ ಅಕ್ಕನ ಮನೆಗೆ ನಾಮಕರಣಕ್ಕೆಂದು ಹೋದರು. ಶಟರ್ ಎಳೆದು, "ಶನಿವಾರ ಬತ್ತೀನಿ" ಎಂದರು. ಮುಖ ಸ್ವಲ್ಪ ಇಳಿದಿತ್ತು… ಈಗ ಹಾಗೆನ್ನಿಸುತ್ತದೋ, ಆಗಲೇ ಕಂಡಿತ್ತೋ ಹೇಳಲಾರೆ. ಶನಿವಾರ ಸಾವಿನ ಸುದ್ದಿ ಬಂತು.

ಕಾರ್ಯದ ದಿನ ನಾನು ಕಲ್ಯಾಣದುರ್ಗಕ್ಕೆ ಹೋದೆ. ಅವರ ಅಕ್ಕ ನನ್ನ ಕೈ ಹಿಡಿದುಕೊಂಡು ಕೂತರು.

"ಬಂದೋನು ಊಟ ಬ್ಯಾಡ ಅಂದ. ಹೊಟ್ಟೆ ತಮಟೆ ಹಂಗೆ ಬಿಗಿದಿತ್ತು ಕಣಮ್ಮ. ಹರಳೆಣ್ಣೆ ಬೆಚ್ಚಗೆ ಮಾಡಿ ಕೊಟ್ಟೆ. ಬ್ಯಾಡಕ್ಕ ಅಂದ, ಒಂದೇ ಸಲ. ಚಿಕ್ಕೋನಾಗಿದ್ದಾಗ ನನ್ನ ಕೈಲಿ ಕುಡೀಲಿಲ್ವೇನ್ಲಾ ಅಂದೆ. ಕುಡ್ದುಬುಟ್ಟ."

ಊರಿಗೆಲ್ಲ ಬೇಡ ಎಂದವರು ಅಕ್ಕನ ಕೈಗೆ ಎರಡನೇ ಸಲ ಬೇಡ ಎನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ವಾಂತಿ, ತಡೆಯಲಾಗದ ನೋವು. ಅನಂತಪುರಕ್ಕೆ ಕರೆದೊಯ್ದರು. ಕರುಳಿನಲ್ಲಿ ಗಡ್ಡೆ ಬೆಳೆದು ದಾರಿಯನ್ನೇ ಮುಚ್ಚಿತ್ತು, ತಿಂಗಳುಗಳಿಂದ ಬೆಳೆಯುತ್ತಿದ್ದಿರಬೇಕು ಎಂದರಂತೆ ಡಾಕ್ಟರು. ಕರುಳು ಒಡೆದಿತ್ತು. ಅಷ್ಟೂ ತಿಂಗಳು ಅವರು ತಮ್ಮದೇ ಕಪಾಟಿನಿಂದ ಗ್ಯಾಸಿನ ಮಾತ್ರೆ, ಭೇದಿ ಮಾಡಿಸುವ ಮಾತ್ರೆ, ನೋವಿನ ಮಾತ್ರೆ ತೆಗೆದು ನುಂಗಿಕೊಂಡಿದ್ದರು. ಬೀದಿಯವರ ನಾಚಿಕೆ ಬಿಡಿಸಿದವರಿಗೆ ತಮ್ಮದೊಂದು ಉಳಿದಿತ್ತು.

ಊಟದ ಸಾಲಿನಲ್ಲಿ ನೆಂಟರೊಬ್ಬರು, "ಅಂಗ್ಡಿ ತುಂಬ ಔಷ್ದಿ ಇಟ್ಕೊಂಡೋನು ತನ್ನ ಹೊಟ್ಟೆ ನೋಡ್ಕೊಳ್ಳೋಕಾಗ್ಲಿಲ್ಲ" ಎಂದರು. ಇನ್ನೊಬ್ಬಾಕೆ, "ಒಡಹುಟ್ಟಿದೋಳೇ ಎಣ್ಣೆ ಕುಡ್ಸಿ ಕೊಂದ್ಬುಟ್ಲು" ಎಂದಳು. ಒಳಗಿದ್ದ ಅಕ್ಕನಿಗೆ ಕೇಳಿಸುವಷ್ಟು ಜೋರಾಗಿಯೇ.

ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಎಲೆಯ ಮುಂದಿನಿಂದ ಎದ್ದು ನಿಂತೆ.

"ಸುಮ್ಕಿರಿ. ಎಂಟು ದಿನದಿಂದ ಆಗಿಲ್ಲ ಅಂತ ಅವ್ರು ನನ್ನ ಎದುರಿಗೇ ಹೇಳಿದ್ರು. ನಾನು ನಕ್ಬುಟ್ಟು ಬಂದೆ. ಬೈಯೋದಾದ್ರೆ ಮೊದ್ಲು ನನ್ನ ಬೈಯಿರಿ. ಆ ತಾಯಿನ ಯಾರೂ ಅನ್ನಬ್ಯಾಡಿ. ಅಣ್ಣಾ ನಿನ್ನ ಹೊಟ್ಟೆ ಹೆಂಗೈತೆ ಅಂತ ನಿಮ್ಮಲ್ಲಿ ಒಬ್ರಾದ್ರೂ ಒಂದಿನ ಕೇಳಿದ್ರಾ?"

ಸಾವಿನ ಮನೆಯಲ್ಲಿ ಹಾಗೆ ಎದ್ದು ನಿಲ್ಲಬಾರದಿತ್ತು ಎಂದು ಆಮೇಲೆ ಹಲವರು ಅಂದರು. ನಿಂತಿದ್ದಕ್ಕೆ ನನಗೆ ಬೇಸರವಿಲ್ಲ. ಬುಧವಾರ ನಿಲ್ಲದೆ ಬಂದೆನಲ್ಲ, ಅದಕ್ಕಿದೆ…

ನಾನು ಹತ್ತನೇ ತರಗತಿ ಓದಿದವಳು, ಔಷಧಿ ಗೊತ್ತಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಆದರೆ ಕೇಳಲು ಓದು ಬೇಕಾಗಿಲ್ಲ. ಹೋದ ತಿಂಗಳು ಚಿಲಮತ್ತೂರಿನ ಹಳೆಯ ಗಿರಾಕಿಯೊಬ್ಬಳು ಚೂಡಿದಾರ ಹೊಲಿಸಲು ಬಂದಳು. ತೋಳು ಸಣ್ಣಗಾಗಿತ್ತು, ಹೊಟ್ಟೆ ಮಾತ್ರ ಎರಡಿಂಚು ಹೆಚ್ಚು. ಟೇಪು ಹಿಡಿದುಕೊಂಡೇ ಕೇಳಿದೆ. ನೋವಿದೆಯಾ? ಹೊರಕಡೆ ಸರಿಯಾಗಿ ಆಗುತ್ತಿದೆಯಾ? ಎಷ್ಟು ದಿನದಿಂದ?

"ನಿಂಗ್ಯಾಕಕ್ಕ ಆ ಗಲೀಜು? ಬಟ್ಟೆ ಹೊಲಿಯೋ ಕೆಲ್ಸ ನೋಡ್ಕೊ" ಎಂದಳು.

"ಡಾಕ್ಟ್ರ ಚೀಟಿ ತಗೊಂಬಾ, ಆಮೇಲೆ ಹೊಲಿಯೋದು" ಎಂದು ಬಟ್ಟೆ ವಾಪಸು ಕೊಟ್ಟೆ. ಬೈಯುತ್ತಾ ಹೋದಳು. ಒಂದು ವಾರ ಬಿಟ್ಟು ಬಂದು, ಮುಖ ಆ ಕಡೆ ತಿರುಗಿಸಿಕೊಂಡೇ ಚೀಟಿಯನ್ನು ಮಿಷನ್ನಿನ ಮೇಲೆ ಇಟ್ಟಳು. ಸ್ಕ್ಯಾನಿಂಗ್ ಬರೆದಿದ್ದರು. ಅಳತೆ ತೆಗೆದುಕೊಂಡೆ. ಬೀದಿಯಲ್ಲಿ ನನಗೆ ನಾಚಿಕೆಗೆಟ್ಟವಳು ಎಂಬ ಹೆಸರು ಬಂದಿದೆ. ಬರಲಿ. ನಾನು ಕೇಳುವುದು ಬಿಡುವುದಿಲ್ಲ.

ನಮ್ಮ ಬೀದಿಯಲ್ಲಿ ಈಗ ಮೂರು ಔಷಧಿ ಅಂಗಡಿಗಳಿವೆ. ಕೇಳಿದ ಮಾತ್ರೆಯನ್ನು ಕೇಳಿದ ತಕ್ಷಣ ಕೊಡುತ್ತಾರೆ. ಕೊಡಲ್ಲ ಎನ್ನುವವರು ಒಬ್ಬರೂ ಇಲ್ಲ.