ಬಿಸಿಲು ಕಂಡ ಸೀಸೆ

ಪುಟ್ಟ ಸೀಸೆಯೊಂದನ್ನು ಬಿಸಿಲು ತಾಗದಂತೆ ಕಾಯಲು ಅಕ್ಕ ಹೇಳಿದ್ದಳು. ನನ್ನಿಂದ ಅಷ್ಟೂ ಆಗಲಿಲ್ಲ.

ಅವಳು ಹಾಸನದ ಪ್ರಯೋಗಾಲಯದಲ್ಲಿ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸುತ್ತಾಳೆ. ಸೀಸೆಯೊಳಗಿನ ಪ್ರತಿಕಾಯಕ್ಕೆ, ಅಂದರೆ ಆ್ಯಂಟಿಬಾಡಿಗೆ, ಹೊಳೆಯುವ ಬಣ್ಣ ಅಂಟಿಸಿರುತ್ತಾರಂತೆ. ಜೀವಕೋಶದ ಪ್ರೋಟೀನಿನ ಎಳೆಗಳನ್ನು ಅದು ಹುಡುಕಿ ಬೆಳಗಿಸುತ್ತದಂತೆ. ಸೀಸೆಯನ್ನು ಹಾಸನಕ್ಕೆ ಒಯ್ಯುವ ದಾರಿಯಲ್ಲಿ ಮನೆಗೆ ಬಂದವಳು ಐಸ್ ಪೆಟ್ಟಿಗೆಗೆ ಸೆರಗು ಮುಚ್ಚಿ, “ಬೆಳಕು ತಾಗ್ಬಾರ್ದು ಕಣೋ, ಬಣ್ಣ ಮಾಸೋಗ್ತೈತೆ” ಎನ್ನುತ್ತಲೇ ಇದ್ದಳು.

“ಭಾವಂಗೂ ಇಷ್ಟು ಉಪಚಾರ ಇಲ್ವಲ್ಲಕ್ಕ!” ಎಂದು ರೇಗಿಸಿದೆ.

ಅವಳು ಮಲಗಿದ್ದಾಗ ಪೆಟ್ಟಿಗೆ ತೆರೆದು ನೋಡಿದರೆ ಸೀಸೆ ಬೆವತಿತ್ತು. ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆಂದು ಕಾಫಿ ಒಣಗಿಸುವ ಕಣದ ಬಿಸಿಲಲ್ಲಿ ಒಣಗಿಸಿ, ಸುಮ್ಮನೆ ವಾಪಸ್ ಇಟ್ಟೆ.

ಆಮೇಲೆ ಹಾಸನದ ಪ್ರಯೋಗಾಲಯದಲ್ಲಿ ಎಳೆಗಳು ಹೊಳೆಯಲೇ ಇಲ್ಲ. “ನನ್ ಕೈಯೇ ಕೆಟ್ಟೋಗೈತೆ, ಕೆಲ್ಸ ಬಿಟ್ಬುಡ್ತೀನಿ ಕಣೋ” ಎಂದು ಫೋನಿನಲ್ಲಿ ಅತ್ತಳು.

“ನಿನ್ ಕೈ ಚೆನ್ನಾಗೇ ಐತಕ್ಕ. ಸೀಸೆನ ಬಿಸ್ಲಿಗೆ ಇಟ್ಟೋನು ನಾನು. ತಪ್ಪಾಯ್ತು ಕಣಕ್ಕ.”