ಜಂಬಕ್ಕನ ನಾಲ್ಕನೆಯ ನುಡಿ

ಹೊಸಪೇಟೆಯ ಎರ್ರಿಸ್ವಾಮಿ ವಾರದಲ್ಲಿ ಆರು ದಿನ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಾನೆ. ಏಳನೆಯ ದಿನ ಅದೇ ಅಂಗಡಿಯ ಮಾಳಿಗೆಯ ಮೇಲೆ ಐದಾರು ಮಕ್ಕಳಿಗೆ ಗಿಟಾರ್ ಕಲಿಸುತ್ತಾನೆ. ಬೆರಳ ತುದಿ ಜಡ್ಡುಗಟ್ಟಿದ್ದು ಯಾವ ತಂತಿಯಿಂದ ಎಂದು ಹೆಂಡತಿ ಸುನಿತಾ ಕೇಳಿದರೆ, "ಎರಡೂ ನನ್ನ ಅನ್ನಾನೇ ಅಲ್ಲೇನು" ಎಂದು ನಗುತ್ತಾನೆ. ಮೋಟರು ಸುಟ್ಟಿಲ್ಲದಿದ್ದರೆ ಸುಟ್ಟಿಲ್ಲವೆಂದೇ ಹೇಳಿ ಗಿರಾಕಿಯನ್ನು ವಾಪಸು ಕಳಿಸುವ ಪೆದ್ದ ಅವನು. ಅಂಥವನೂ ಒಂದೇ ಸುಳ್ಳನ್ನು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾನೆ. ಹೊಸದಾಗಿ ಸೇರಿದ ಮಗು ಕೇಳುತ್ತದೆ: "ಸರ್, ನೀವು ಮೊದ್ಲು ಕಲಿತ ಹಾಡು ಯಾವ್ದು?" ಅವನು ಹೇಳುತ್ತಾನೆ: "ನೆನಪಿಲ್ಲ."

ನೆನಪಿಲ್ಲದೆ ಏನು! ಮರೆಯೋಣವೆಂದರೂ ಆಗದ ಹಾಡು ಅದು.

ಅವನು ಬುಕ್ಕಸಾಗರದವನು. ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ತಂದೆ ಇನ್ನೊಂದು ಮದುವೆಯಾಗಿ ಮೆಟ್ರಿ ಎಂಬ ಊರು ಸೇರಿದ. ಸಾಕಿದವಳು ಅಜ್ಜಿ ಜಂಬಕ್ಕ, ಭತ್ತದ ನಾಟಿಗೆ ಹೋಗುವ ಕೂಲಿ ಹೆಂಗಸು. ಆದರೆ ಸುತ್ತಲಿನ ಯಾವ ಊರಲ್ಲಿ ಸಾವಾದರೂ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಅದರೆದುರು ನಾಲ್ಕು ನುಡಿಯ, ಎಂದರೆ ನಾಲ್ಕು ಚರಣದ, ಒಂದು ಪದ ಹಾಡುವುದು ಅವಳ ಮನೆತನಕ್ಕೆ ಬಂದ ಕೆಲಸ. ಮೊದಲ ಮೂರು ನುಡಿ ಅಳುವವರಿಗಾಗಿ. ಬೇರೆಯದೇ ರಾಗದ ನಾಲ್ಕನೆಯದು ಹೋಗುವವರಿಗಾಗಿ. ಅದು ಬರುವ ಹೊತ್ತಿಗೆ ಎಲ್ಲರೂ ಎದ್ದು ಹೊರಗೆ ಹೋಗಬೇಕು, ಬಾಗಿಲು ಮುಚ್ಚಬೇಕು. ಒಳಗೆ ಉಳಿಯುವವರು ಜಂಬಕ್ಕ, ಅವಳ ಜೊತೆಗಾತಿ ವಿರುಪಮ್ಮ ಮತ್ತು ಸತ್ತವರು, ಅಷ್ಟೇ. ಹಾಡುವ ಇಬ್ಬರೂ ದವಡೆಯಲ್ಲಿ ಒಂದೊಂದು ಚೂರು ಬೆಲ್ಲ ಇಟ್ಟುಕೊಳ್ಳುತ್ತಿದ್ದರು. ನಾವು ಇನ್ನೂ ಉಣ್ಣುವವರು, ನಮ್ಮನ್ನು ಕರೆಯಬೇಡ ಎಂದು ಅದರ ಅರ್ಥ; ಹೊರಟ ಜೀವದ ನಾಲಿಗೆಗೆ ಸಿಹಿ ಹತ್ತುವುದಿಲ್ಲವಂತೆ. ಆ ನುಡಿ ಕೇಳದ ಜೀವ ಹೊಸ್ತಿಲು ದಾಟದೆ ಮನೆಯಲ್ಲೇ ನಿಂತುಬಿಡುತ್ತದೆ ಎಂದು ಊರೇ ನಂಬಿತ್ತು. ನಂಬದವರೂ ತಮ್ಮ ಮನೆಯಲ್ಲಿ ಸಾವಾದಾಗ ಅವಳನ್ನೇ ಕರೆಸುತ್ತಿದ್ದರು.

ಹೀಗೆ ಮೂರು ನುಡಿ ಎರ್ರಿಸ್ವಾಮಿಯ ಕಿವಿಗೆ ಬಿದ್ದವು. ನಾಲ್ಕನೆಯದು ಶುರುವಾಗುವ ಮೊದಲೇ ಅಜ್ಜಿ ಅವನನ್ನು ಕಾಲುವೆಯ ತನಕ ಅಟ್ಟುತ್ತಿದ್ದಳು. ಬೇರೆ ಮಕ್ಕಳು ಬಾಗಿಲ ಹೊರಗೇ ನಿಲ್ಲಬಹುದಿತ್ತು. ಇವನೊಬ್ಬನಿಗೆ ಮಾತ್ರ ಕಾಲುವೆ.

ಹದಿನೇಳರ ವಯಸ್ಸಿನಲ್ಲಿ ಹಂಪಿಯ ಹೊಳೆಯಾಚೆಯ ಒಂದು ವಸತಿಗೃಹದಲ್ಲಿ ಹಾಸಿಗೆ ಒಗೆಯುವ ಕೆಲಸಕ್ಕೆ ಸೇರಿದ. ಯಾರೋ ಪರದೇಶದವನು ಬಿಟ್ಟುಹೋದ ಗಿಟಾರ್ ಅಲ್ಲೇ ಧೂಳು ತಿನ್ನುತ್ತಿತ್ತು, ಒಂದು ತಂತಿ ಹರಿದಿತ್ತು. ಅದನ್ನು ಮನೆಗೆ ತಂದ. ಕಲಿಸುವವರಿಲ್ಲ, ಪುಸ್ತಕವಿಲ್ಲ. ತಂತಿ ಒತ್ತಿ ಮೀಟುತ್ತಾ ಕೂತವನಿಗೆ ನಾಲ್ಕನೆಯ ದಿನ ಮಧ್ಯಾಹ್ನ ಒಂದು ರಾಗ ಕೈಗೆ ಹತ್ತಿತು: ಅಜ್ಜಿ ಸಾವಿನ ಮನೆಯಲ್ಲಿ ಹಾಡುವ ಪದ. ಖುಷಿಗೆ ಮೇರೆಯಿಲ್ಲ. ಮೂರೂ ನುಡಿಯನ್ನು ಎಡವದೆ ಬಾರಿಸಿ ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಿ, ಮೊಣಕಾಲ ತನಕ ಗದ್ದೆಯ ಕೆಸರು.

ಅವಳು ಬಯ್ಯಲಿಲ್ಲ. ಬಂದವಳೇ ಅವನ ಎದೆಯ ಮೇಲೆ ಕೆಸರಿನ ಅಂಗೈ ಇಟ್ಟು ಬಡಿತ ನೋಡಿದಳು.

"ನಾಕನೇದು ಬಾರಿಸಿದ್ಯೇನು?"

"ಅದು ನನಗೆಲ್ಲಿ ಗೊತ್ತೈತಿ ಅಜ್ಜಿ?"

"ಗೊತ್ತಾಗೋದೂ ಬ್ಯಾಡ." ಗಡಿಗೆಯಿಂದ ಬೆಲ್ಲದ ಚೂರು ತೆಗೆದು ಅವನ ಬಾಯಿಗಿಟ್ಟಳು. "ಸಿಹಿ ಹತ್ತಿತೇನು?"

"ಹ್ಞೂಂ, ಭಾಳ ಸಿಹಿ ಐತಿ."

ಆಗ ಅವಳ ಉಸಿರು ಕೆಳಗಿಳಿಯಿತು. ಆಮೇಲೆ ಅವನು ಆ ರಾಗ ಮುಟ್ಟಲಿಲ್ಲ. ಹೊಸಪೇಟೆಗೆ ಬಂದ, ಕೆಲಸ ಕಲಿತ, ಸುನಿತಾಳನ್ನು ಮದುವೆಯಾದ. ಗಿಟಾರಿಗೆ ಆರನೆಯ ತಂತಿಯೂ ಬಂತು.

ಕಳೆದ ವರ್ಷ ನಾಟಿಯ ಕಾಲದಲ್ಲಿ, ಬೆಳಗಿನ ಹೊತ್ತು, ಜಂಬಕ್ಕ ಹೋದಳು. ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬೇಕಿಲ್ಲ ಎನ್ನುವಂತೆ ಐದಾರು ಊರಿನ ಜನ ಅಂಗಳದಲ್ಲಿ ನೆರೆದಿದ್ದರು. ಗೋಡೆಗೆ ಒರಗಿ ಕೂತ ಅಜ್ಜಿಯ ಕಣ್ಣು ಅರ್ಧ ತೆರೆದೇ ಇದ್ದವು. ಎಷ್ಟು ಸಲ ಸವರಿದರೂ ಮತ್ತೆ ತೆರೆದುಕೊಳ್ಳುತ್ತಿದ್ದವು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು: ಊರಿಗೆಲ್ಲ ಹಾಡಿದವಳಿಗೆ ಹಾಡುವವರು ಯಾರು?

ಉಳಿದವಳು ವಿರುಪಮ್ಮ ಒಬ್ಬಳೇ. ಗಂಟಲ ಆಪರೇಷನ್ ಆದ ಮೇಲೆ ಅವಳಿಗೆ ಪಿಸುಮಾತಿನಾಚೆ ದನಿಯಿಲ್ಲ. ಅವಳು ಎರ್ರಿಸ್ವಾಮಿಯ ಕೈ ಹಿಡಿದಳು.

"ಮಾತು ನಾ ಹೇಳ್ತೀನಿ, ರಾಗ ನೀ ಹಿಡಿ. ಮೂರು ಮುಗಿದ ಕೂಡ್ಲೇ ಎದ್ದು ಕಾಲುವಿ ಕಡೆ ನಡಿ. ನಾಕನೇದು ಹೆಂಗಾರ ಮಾಡಿ ನಾನೇ ಹೇಳಿ ಮುಗಸ್ತೀನಿ. ಆಕಿನ್ನ ಹೊಸ್ತಿಲದಾಗ ನಿಲ್ಲಿಸಬ್ಯಾಡ ಮಗನೇ."

ತನ್ನನ್ನು ಸಾಕಿದವಳು ಹೋಗಲಾರದೆ ಬಾಗಿಲಲ್ಲೇ ನಿಲ್ಲುವುದನ್ನು ನೆನೆಯುವುದೂ ಅವನಿಂದ ಆಗದು. ಗಿಟಾರ್ ತರಿಸಿದ. ಮೊದಲ ನುಡಿ, ಎರಡನೆಯದು, ಮೂರನೆಯದು. ಜನ ಎದ್ದು ಹೊರಗೆ ಹೋದರು, ಬಾಗಿಲು ಮುಚ್ಚಿತು. ವಿರುಪಮ್ಮ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಹೊರಡು ಎಂದು ಕಣ್ಣಲ್ಲೇ ಹೇಳಿದಳು.

ಅವನು ಏಳಲಿಲ್ಲ. ಏಳಬೇಕೆಂದುಕೊಂಡ, ಆದರೆ ಬೆರಳುಗಳು ನಿಲ್ಲಲಿಲ್ಲ. ಎಂದೂ ಕೇಳದ ರಾಗವೊಂದು, ದಿನಾ ನಡೆದ ದಾರಿಯಂತೆ, ತಡವರಿಸದೆ ಕೈಯಿಂದ ಹೊರಟಿತು. ವಿರುಪಮ್ಮನ ತುಟಿ ಮಾತು ಹೇಳುತ್ತಾ ಹೇಳುತ್ತಾ ನಿಂತುಹೋಯಿತು. ರಾಗ ಮಾತ್ರ ಕೊನೆಯ ತನಕ ನಡೆಯಿತು. ಮುಗಿದ ಮೇಲೆ ನೋಡಿದರೆ ಅಜ್ಜಿಯ ಕಣ್ಣು ಮುಚ್ಚಿದ್ದವು.

"ಇದನ್ನ ಎಲ್ಲಿ ಕಲಿತಿ?" ವಿರುಪಮ್ಮ ಪಿಸುಗುಟ್ಟಿದಳು.

"ಕಲಿತಿಲ್ಲ ದೊಡ್ಡಮ್ಮ. ದೇವ್ರಾಣಿ ಕಲಿತಿಲ್ಲ."

ಅವಳು ಅವನ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಹೇಳಿದಳು: "ನಿನಗ ಆಗ ಒಂದೂವರೆ ವರ್ಷ. ಜ್ವರ ಬಂದು ಉಸಿರು ನಿಂತಿತ್ತು. ಡಾಕ್ಟ್ರೂ ಕೈಚೆಲ್ಲಿ ಹೋಗಿದ್ರು. ಇದೇ ಗ್ವಾಡಿಗೆ ಒರಗಿಸಿ ನಿನ್ನನ್ನ ದಿಂಬಿನ ಮ್ಯಾಲೆ ಕುಂದ್ರಿಸಿ ಜಂಬಕ್ಕ ನಾಕೂ ನುಡಿ ಹಾಡಿದ್ಲು. ಹಾಡಿ ಮುಗಿಸಿದ ಮ್ಯಾಲೆ ನೀ ಕಣ್ಣು ಬಿಟ್ಟಿ. ನಾವಿಬ್ರೂ ಯಾರಿಗೂ ಹೇಳ್ಲಿಲ್ಲ. ಒಂದು ಜೀವಕ್ಕ ಒಂದೇ ಸಲ ಅದು. ಎರಡನೇ ಸಲ ಕಿವಿಗೆ ಬಿದ್ರ ಮೊಮ್ಮಗ ಉಳಿಯಲ್ಲ ಅಂತ ಆಕಿ ಸಾಯೋತನ ಹೆದರಿದ್ಲು."

ಎರ್ರಿಸ್ವಾಮಿಗೆ ಕಾಲುವೆ ನೆನಪಾಯಿತು. ಎದೆಯ ಮೇಲಿನ ಕೆಸರು ಅಂಗೈ ನೆನಪಾಯಿತು. ಭಯವೂ ಪ್ರೀತಿಯೂ ಒಟ್ಟಿಗೇ ನುಗ್ಗಿ ಅಳು ಬಂತು.

"ಹಾಡೋರಿಗೆ ದೋಷ ಇಲ್ಲ," ಎಂದಳು ವಿರುಪಮ್ಮ. "ಬಾರಿಸೋರಿಗೆ ಹೆಂಗೋ, ನನಗ ತಿಳೀದು." ಆಗಲೇ ಅವಳಿಗೆ ಹೊಳೆದದ್ದು: ಹೊರಗೆ ಹೋಗುವವನೆಂದು ಅವನ ಬಾಯಿಗೆ ಬೆಲ್ಲವನ್ನೇ ಇಟ್ಟಿರಲಿಲ್ಲ. ಗಾಬರಿಯಿಂದ ಗಡಿಗೆಗೆ ಕೈಹಾಕಿ ಒಂದು ಹೆಂಟೆ ಬೆಲ್ಲ ತೆಗೆದು ಅವನ ಬಾಯಿಗೆ ತುರುಕಿದಳು.

"ಸಿಹಿ ಹತ್ತಿತೇನು? ಹೇಳಪಾ, ಸಿಹಿ ಹತ್ತಿತೇನು?"

"ಹ್ಞೂಂ," ಎಂದ ಎರ್ರಿಸ್ವಾಮಿ.

ಅದು ಅವನ ಬದುಕಿನ ಎರಡನೆಯ ಸುಳ್ಳು. ಈಗಲೂ ಪ್ರತಿ ಭಾನುವಾರ ಗಿಟಾರ್ ಎತ್ತಿಕೊಳ್ಳುವ ಮೊದಲು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೋಡುತ್ತಾನೆ. ಸರ್‌ಗೆ ಸಿಹಿ ಎಂದರೆ ಎಷ್ಟು ಆಸೆ ಎಂದು ಮಕ್ಕಳು ಮುಸಿಮುಸಿ ನಗುತ್ತಾರೆ. ಹದಿನಾಲ್ಕು ತಿಂಗಳಾಯಿತು. ಇನ್ನೂ ಸಿಹಿ ಹತ್ತಿಲ್ಲ.